ಹಿಮಸರೋವರದ ನೆರೆಯಲ್ಲಿ

2022ರ ಮೇ ತಿಂಗಳಲ್ಲಿ ಉತ್ತರ ಸಿಕ್ಕಿಮಿನ ಗುರುಡೋಂಗ್ಮಾರ್ ಸರೋವರವನ್ನು ಕಂಡೆ. ಚುಂಗ್‌ಥಾಂಗ್ ಊರನ್ನು ಹಾದು, ಲಾಚೆನ್‌ನಲ್ಲಿ ತಂಗಿ, ನಸುಕಿನಲ್ಲಿ ಹೊರಟು ಹದಿನೇಳು ಸಾವಿರ ಅಡಿಗಳೆತ್ತರವನ್ನು ಮುಟ್ಟಿದಾಗ ಉಸಿರು ಭಾರವಾಗಿತ್ತು. ಎದುರಿಗೆ ಅರೆ ಹೆಪ್ಪುಗಟ್ಟಿದ ನೀಲಜಲ, ಅದರಾಚೆ ಹಿಮನದಿಗಳು. ಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲ.

ಹಿಮನದಿಯು ಹಿಂಜರಿಯುವಾಗ, ತಾನೇ ದೂಡಿ ತಂದ ಕಲ್ಲುಮಣ್ಣಿನ ಒಡ್ಡಿನ ಹಿಂದೆ ಕರಗಿದ ನೀರನ್ನು ಬಿಟ್ಟುಹೋಗುತ್ತದೆ. ಅದೇ ಸೀಮೆಯ ದಕ್ಷಿಣ ಲೋನಾಕ್ ಸರೋವರವು ದಶಕಗಳಿಂದ ಹೀಗೆ ಹಿಗ್ಗುತ್ತಿತ್ತು. 2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ದಂಡೆ ಅದರೊಳಗೆ ಕುಸಿಯಿತು. ಉಕ್ಕಿದ ನೀರು ಒಡ್ಡನ್ನೊಡೆದು, ಚುಂಗ್‌ಥಾಂಗಿನ ಅಣೆಕಟ್ಟನ್ನು ಕೊಚ್ಚಿ, ತೀಸ್ತಾ ಕಣಿವೆಯಲ್ಲಿ ಅನೇಕರ ಪ್ರಾಣವನ್ನು ಕೊಂಡಿತು.

ಪ್ರವಾಸಿಗಳಾದ ನಾವು ಗಳಿಗೆ ಹೊತ್ತು ನೋಡಿ ಇಳಿದುಬರುತ್ತೇವೆ. ಕಣಿವೆಯವರು ಆ ನೀರಿನಡಿಯಲ್ಲಿಯೇ ಬಾಳಬೇಕು. ಮುನ್ನೆಚ್ಚರಿಕೆಯು ಅವರಿಗೆ ಸಕಾಲದಲ್ಲಿ ತಲುಪುವಂತೆ ಮಾಡುವುದು, ಆ ಚೆಲುವನ್ನುಂಡ ನಮ್ಮ ಮೇಲಿರುವ ಋಣ.