ಗೇರ್ ಆಯಿಲ್ ಹಾಲು ಹಾಕಿದ ಕಾಫಿ ಥರ ಇದ್ರೆ ಏನರ್ಥ? ಮಳೆ ನೀರಲ್ಲಿ ನಿಂತ ಸ್ಕೂಟರ್ ಬಗ್ಗೆ ಒಂದು ಮಾತು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದನ್ನ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಸ್ಕೂಟರ್ ಓಡಿಸ್ತಾ ಕೇಳ್ತಾ ಇದ್ರೆ ದಯವಿಟ್ಟು ನಿಲ್ಸಿ, ಆಮೇಲೆ ಕೇಳಿ.

ನಾನು ಪುಟ್ಟೇನಹಳ್ಳಿಯಲ್ಲಿ ಟೂ ವೀಲರ್ ಮೆಕ್ಯಾನಿಕ್. ಯಲಹಂಕದ ಪುಟ್ಟೇನಹಳ್ಳಿ ಅಲ್ಲ, ಜೆ.ಪಿ. ನಗರ 7ನೇ ಹಂತದ್ದು, ಸುಮಾರು 13 ಎಕರೆಯ ಕೆರೆ ಇದೆಯಲ್ಲ, ಆ ಪುಟ್ಟೇನಹಳ್ಳಿ. ದೊಡ್ಡ ಮಳೆ ಬಂದ ಮಾರನೇ ದಿನ ನಮ್ಮಲ್ಲಿಗೆ ಬರೋರ ಪ್ರಶ್ನೆ ಬಹುತೇಕ ಒಂದೇ: "ಅಣ್ಣಾ, ಗಾಡಿ ನೀರಲ್ಲಿ ನಿಂತಿತ್ತು. ಸ್ಟಾರ್ಟ್ ಆಗ್ತಿದೆ. ಪರವಾಗಿಲ್ವಾ?"

ಸ್ಟಾರ್ಟ್ ಆಗೋದು ಬೇರೆ, ಪರವಾಗಿಲ್ಲ ಅನ್ನೋದು ಬೇರೆ. ಗೇರ್ ಇಲ್ಲದ ಸ್ಕೂಟರ್ ಅಂತೀವಲ್ಲ, ಅದರಲ್ಲೂ ಗೇರ್ ಇರುತ್ತೆ. ಹಿಂದಿನ ಚಕ್ರದ ಪಕ್ಕದಲ್ಲೇ ಒಂದು ಸಣ್ಣ ಪೆಟ್ಟಿಗೆ. ಬೆಲ್ಟ್‌ನಿಂದ ಬಂದ ವೇಗವನ್ನ ಕಮ್ಮಿ ಮಾಡಿ, ಬಲ ಹೆಚ್ಚಿಸಿ ಚಕ್ರಕ್ಕೆ ಕೊಡೋ ಹಲ್ಲುಗಳು ಅಲ್ಲಿರ್ತವೆ. ಅದಕ್ಕೆ ಎಂಜಿನ್ ಆಯಿಲ್ ಹೋಗಲ್ಲ, ಅದರದ್ದೇ ಬೇರೆ ಆಯಿಲ್. 110, 125 ಸಿಸಿ ಸ್ಕೂಟರ್‌ಗಳಲ್ಲಿ ಸುಮಾರು 100 ಎಂಎಲ್ ಆಸುಪಾಸು, ಒಂದು ಟೀ ಲೋಟದಷ್ಟು. ಅಷ್ಟು ಕಮ್ಮಿ ಇರೋದ್ರಿಂದ ಒಂದು ಚಮಚ ನೀರು ಸೇರಿದ್ರೂ 5 ಪರ್ಸೆಂಟ್ ಆಗಿಬಿಡುತ್ತೆ.

ಈ ತೊಂದರೆ ನಮಗಿಂತ ಚೆನ್ನಾಗಿ ಗೊತ್ತಿರೋದು ದೋಣಿಯವರಿಗೆ. ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗಳ ಹಿಂದೆ ಔಟ್‌ಬೋರ್ಡ್ ಮೋಟಾರ್ ನೋಡಿರ್ತೀರಿ. ಅದರ ಕೆಳಗಿನ ಕಾಲಿನ ತುದಿಯಲ್ಲಿ, ಫ್ಯಾನ್ ತಿರುಗೋ ಜಾಗದಲ್ಲೇ ಒಂದು ಗೇರ್ ಪೆಟ್ಟಿಗೆ ಇರುತ್ತೆ. ಸ್ಟರ್ನ್‌ಡ್ರೈವ್ ಅನ್ನೋ ಇನ್ನೊಂದು ಥರದಲ್ಲಿ ಎಂಜಿನ್ ದೋಣಿಯ ಒಳಗೆ, ಗೇರ್ ಕಾಲು ಮಾತ್ರ ಹೊರಗೆ. ಎರಡರಲ್ಲೂ ಗೇರ್ ಪೆಟ್ಟಿಗೆ ಕೆಲಸ ಮಾಡೋಷ್ಟು ಹೊತ್ತೂ ನೀರಲ್ಲೇ ಮುಳುಗಿರುತ್ತೆ. ಅದಕ್ಕೇ ಗೇರ್ ಆಯಿಲ್ ತೆಗೆದು ಬಣ್ಣ ನೋಡೋದು ದೋಣಿ ಮೆಕ್ಯಾನಿಕ್ ಮೊದಲು ಮಾಡೋ ಕೆಲಸಗಳಲ್ಲೊಂದು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಕಡೆ ಜನರನ್ನ ಟ್ರ್ಯಾಕ್ಟರ್, ರಬ್ಬರ್ ದೋಣಿಗಳಲ್ಲಿ ಕರ್ಕೊಂಡು ಬಂದ್ರಲ್ಲ, ಆಗ ನೀರಲ್ಲಿ ನಿಂತ ಸ್ಕೂಟರ್‌ಗಳ ಗೇರ್ ಪೆಟ್ಟಿಗೆಗಳೂ ದೋಣಿಯ ಪಾಡೇ ಪಟ್ಟವು. ವ್ಯತ್ಯಾಸ ಇಷ್ಟೇ: ದೋಣಿಯ ಪೆಟ್ಟಿಗೆಯನ್ನ ನೀರಿಗಂತ್ಲೇ ಮಾಡಿರ್ತಾರೆ, ಸ್ಕೂಟರ್‌ದನ್ನ ಹಾಗೆ ಮಾಡಿರಲ್ಲ.

ನೀರು ಒಳಗೆ ಹೇಗೆ ಹೋಗುತ್ತೆ? ಪೆಟ್ಟಿಗೆ ಮೇಲೆ ಉಸಿರಾಡೋಕೆ ಒಂದು ಸಣ್ಣ ತೂತು ಅಥವಾ ಟ್ಯೂಬ್ ಇರುತ್ತೆ. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತೆ, ಹೆಚ್ಚಾಗಿದ್ದು ಅಲ್ಲಿಂದ ಹೊರಗೆ ಹೋಗುತ್ತೆ. ಈಗ ಬಿಸಿ ಗಾಡಿಯನ್ನ ಮೊಣಕಾಲುದ್ದ ನೀರಿಗೆ ಇಳಿಸಿದ್ರಿ ಅನ್ಕೊಳ್ಳಿ. ಪೆಟ್ಟಿಗೆ ಥಟ್ ಅಂತ ತಣ್ಣಗಾಗುತ್ತೆ, ಒಳಗಿನ ಗಾಳಿ ಕುಗ್ಗುತ್ತೆ. ಬಿಸಿನೀರು ತುಂಬಿ ಚೆಲ್ಲಿ ಮುಚ್ಚಳ ಹಾಕಿದ ಪ್ಲಾಸ್ಟಿಕ್ ಬಾಟಲಿ ಸೊಟ್ಟಗಾಗುತ್ತಲ್ಲ, ಹಾಗೇ. 70 ಡಿಗ್ರಿಯಿಂದ 25 ಡಿಗ್ರಿಗೆ ಇಳಿದ್ರೆ ಗಾಳಿ ಸುಮಾರು 13 ಪರ್ಸೆಂಟ್ ಕುಗ್ಗುತ್ತೆ. ಒಳಗೆ 100 ಎಂಎಲ್ ಗಾಳಿ ಇತ್ತು ಅಂದ್ರೆ 13 ಎಂಎಲ್ ಜಾಗ ಖಾಲಿ. ಉಸಿರಾಟದ ತೂತು ನೀರಲ್ಲಿ ಮುಳುಗಿದ್ರೆ ಆ ಜಾಗಕ್ಕೆ ನೀರೇ ಬರ್ಬೇಕು. ಎರಡೂವರೆ ಚಮಚ!

ಎರಡನೇ ದಾರಿ, ಚಕ್ರದ ಆಕ್ಸಲ್ ಹೊರಗೆ ಬರೋ ಜಾಗದ ರಬ್ಬರ್ ಆಯಿಲ್ ಸೀಲ್. ಒಳಗಿನ ಆಯಿಲ್ ಹೊರಗೆ ಹೋಗದಂತೆ ತಡೆಯೋದು ಅದರ ಮುಖ್ಯ ಕೆಲಸ. ಅದು ಸವೆದಿದ್ರೆ ಸುಮ್ಮನೆ ಮಳೆಯಲ್ಲಿ ಓಡಿಸಿದ್ರೂ ನೀರು ಒಳಗೆ ಹೋಗಬಹುದು. ದೋಣಿಯಲ್ಲೂ ಇದೇ ಸೀಲ್ ಕಾಟ. ಬಲೆಯ ನೈಲಾನ್ ದಾರ ಫ್ಯಾನ್‌ನ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಕತ್ತರಿಸಿಬಿಡುತ್ತೆ. ಮೂರನೇದು, ಡ್ರೈನ್ ಬೋಲ್ಟಿನ ವಾಷರ್. ಪ್ರತಿಸಲ ಹೊಸದು ಹಾಕ್ಬೇಕಾದದ್ದನ್ನ ಹಳೇದೇ ಬಿಗಿದಿರ್ತಾರೆ. ನಾಲ್ಕನೇದು, ವಾಟರ್ ವಾಷ್‌ನಲ್ಲಿ ಪ್ರೆಷರ್ ಗನ್ ನೇರವಾಗಿ ಅಲ್ಲಿಗೇ ಹಿಡಿಯೋದು.

ಈಗ ಕಂಡುಹಿಡಿಯೋದು ಹೇಗೆ ಅಂತ ನೋಡೋಣ.

ಗಾಡಿಯನ್ನ ಸೆಂಟರ್ ಸ್ಟ್ಯಾಂಡ್ ಹಾಕಿ ರಾತ್ರಿಯಿಡೀ ಬಿಡಿ. ನೀರು ಆಯಿಲ್‌ಗಿಂತ ಭಾರ, ಬೇರೆಯಾಗಿದ್ರೆ ತಳಕ್ಕೆ ಇಳಿದಿರುತ್ತೆ. ಬೆಳಗ್ಗೆ ಎಂಜಿನ್ ಹಾಕದೇ, ಕೆಳಗಿನ ಡ್ರೈನ್ ಬೋಲ್ಟನ್ನ ನಿಧಾನಕ್ಕೆ ಸಡಿಲಿಸಿ. ಮೊದಲ ನಾಲ್ಕು ಹನಿ ಮುಖ್ಯ. ಬರೀ ನೀರು ಬಂದ್ರೆ ವಿಷಯ ಅಲ್ಲೇ ಗೊತ್ತಾಯ್ತು. ಉಳಿದದ್ದನ್ನ ಪಾರದರ್ಶಕ ಬಾಟಲಿಗೆ ಹಿಡಿದುಕೊಳ್ಳಿ. ಒಂದು ಹನಿಯೂ ಹಿಂದಿನ ಟೈರ್ ಮೇಲೆ, ಬ್ರೇಕ್ ಕಡೆ ಬೀಳಬಾರದು.

ಬಣ್ಣ ನೋಡಿ. ಜೇನಿನ ಬಣ್ಣ ಅಥವಾ ಕಪ್ಪಗೆ ಆದ್ರೂ ತಿಳಿಯಾಗಿದ್ರೆ ಹಳೇ ಆಯಿಲ್ ಅಷ್ಟೇ. ಹಾಲು ಹಾಕಿದ ಕಾಫಿ ಥರ ಇದ್ರೆ ನೀರಿನ ಅನುಮಾನ. ಹಾಲು ಬೆಳ್ಳಗೆ ಕಾಣೋದು ಯಾಕೆ? ನೀರಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿ ಹರಡಿಕೊಂಡು ಬೆಳಕನ್ನ ಚೆದುರಿಸ್ತವೆ. ಇಲ್ಲಿ ಉಲ್ಟಾ. ಆಯಿಲ್ ಒಳಗೆ ನೀರಿನ ಹನಿಗಳನ್ನ ಗೇರ್ ಹಲ್ಲುಗಳು ಮಜ್ಜಿಗೆ ಕಡೆದ ಹಾಗೆ ಕಡೆದಿರ್ತವೆ.

ಆದ್ರೆ ತಾಳಿ, ಬಣ್ಣ ನೋಡಿ ತೀರ್ಪು ಕೊಡಬೇಡಿ. ಓಡಿಸಿ ಬಂದ ತಕ್ಷಣ ತೆಗೆದ ಆಯಿಲ್‌ನಲ್ಲಿ ಗಾಳಿಯ ಗುಳ್ಳೆ ಇದ್ರೂ ಹಾಗೇ ಮಬ್ಬಾಗಿ ಕಾಣುತ್ತೆ. ಬಾಟಲಿಯನ್ನ ಒಂದು ದಿನ ಅಲುಗಾಡಿಸದೇ ಇಡಿ. ಗಾಳಿಯಾದ್ರೆ ತಿಳಿಯಾಗುತ್ತೆ. ನೀರಾದ್ರೆ ತಳದಲ್ಲಿ ಪದರ ಕಾಣುತ್ತೆ, ಇಲ್ಲವೇ ಮಬ್ಬು ಹಾಗೇ ಉಳಿಯುತ್ತೆ.

ಆಮೇಲೂ ಅನುಮಾನ ಇದ್ರೆ ಒಗ್ಗರಣೆ ಪರೀಕ್ಷೆ. ಒದ್ದೆ ಕರಿಬೇವು ಎಣ್ಣೆಗೆ ಹಾಕಿದ್ರೆ ಚಟಪಟ ಅನ್ನುತ್ತಲ್ಲ, ಸಿಡಿಯೋದು ಸೊಪ್ಪಿಗೆ ಅಂಟಿದ ನೀರು. ಅಡುಗೆಗೆ ಬಳಸದ ಹಳೇ ತವಾ ತಗೊಳ್ಳಿ. ನೀರಿನ ಹನಿ ಬಿದ್ರೆ ಚುರ್ ಅನ್ನೋವರೆಗೂ ಕಾಯಿಸಿ, ಹೊಗೆ ಬರೋಷ್ಟು ಬೇಡ. ಒಲೆ ಆರಿಸಿ, ತವಾ ಒಣಗಿದೆ ಅಂತ ನೋಡ್ಕೊಂಡು, ಕಣ್ಣಿಗೆ ಕನ್ನಡಕ ಹಾಕ್ಕೊಂಡು, ಒಂದು ಕಡೆ ಹೊಸ ಆಯಿಲ್ ಎರಡು ಹನಿ, ಇನ್ನೊಂದು ಕಡೆ ಗಾಡಿಯ ಆಯಿಲ್ ಎರಡು ಹನಿ ಹಾಕಿ. ಹೊಸದು ಸುಮ್ಮನೆ ಹರಡುತ್ತೆ. ನೀರಿದ್ರೆ ಹಳೇದು ಗುಳ್ಳೆಯೆದ್ದು ಚಟಪಟ ಅನ್ನುತ್ತೆ. ನೂರಕ್ಕೆ 1 ಪಾಲಿಗಿಂತ ಎಷ್ಟೋ ಕಮ್ಮಿ ನೀರನ್ನೂ ಇದು ಹೇಳಿಬಿಡುತ್ತೆ. ಕಾರ್ಖಾನೆಗಳಲ್ಲೂ ಮೊದಲ ಜರಡಿಯಾಗಿ ಇದನ್ನೇ ಬಳಸ್ತಾರೆ.

ಕೊನೇದು, ಅಯಸ್ಕಾಂತ. ಬಾಟಲಿಯ ಹೊರಗೆ ಒಂದು ಅಯಸ್ಕಾಂತ ಹಿಡಿದು ಎಳೀರಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಬಂದ್ರೆ ಸಾಮಾನ್ಯ ಸವೆತ. ಬೆರಳಿಗೆ ಸಿಗೋ ಚೂರು, ಚಕ್ಕೆ ಬಂದ್ರೆ ಪೆಟ್ಟಿಗೆ ಬಿಚ್ಚಲೇಬೇಕು. ಇಟ್ಟಿಗೆ ಬಣ್ಣದ ಕೆಸರು ಇದ್ರೆ ಒಳಗೆ ತುಕ್ಕು ಶುರುವಾಗಿದೆ.

ಕಳೆದ ಮಳೆಗಾಲದಲ್ಲಿ ಒಬ್ಬ ಡೆಲಿವರಿ ಹುಡುಗ ಬಂದಿದ್ದ. ಒಂದು ವರ್ಕ್‌ಶಾಪ್‌ನಲ್ಲಿ ಬಣ್ಣ ನೋಡಿದ್ದೇ, ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕು ಅಂದಿದ್ರಂತೆ. "ಅಣ್ಣಾ, ಅವ್ರು ಹೇಳಿದ ದುಡ್ಡು ನನ್ನ ಒಂದು ವಾರದ ದುಡಿಮೆಗಿಂತ ಜಾಸ್ತಿ. ಗಾಡಿ ಬಿಟ್ರೆ ಆ ವಾರ ದುಡಿಮೆನೂ ಇಲ್ಲ" ಅಂದ. ನೋಡಿದೆ. ಆಯಿಲ್ ಕಾಫಿ ಬಣ್ಣ ನಿಜ. ಆದ್ರೆ ಚೂರಿಲ್ಲ, ಚಕ್ರ ಹಿಡಿದು ಅಲ್ಲಾಡಿಸಿದ್ರೆ ಆಟ ಇಲ್ಲ, ತಿರುಗಿಸಿದ್ರೆ ಗರಗರ ಸದ್ದಿಲ್ಲ. ಎರಡು ಸಲ ಹೊಸ ಆಯಿಲ್ ಹಾಕಿ, ಸ್ವಲ್ಪ ದೂರ ಓಡಿಸಿ, ತೆಗೆದೆ. ಮೂರನೇ ಸಲ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್, ಹೊಸ ವಾಷರ್. "150 ಕಿಲೋಮೀಟರ್ ಆದ್ಮೇಲೆ ಬಾಪ್ಪ" ಅಂದೆ.

ಪರೀಕ್ಷೆಯ ಮುಖ್ಯ ಭಾಗ ಇದೇ. ನೀರಲ್ಲಿ ಒಂದು ಸಲ ಮುಳುಗಿ ಒಳಗೆ ಹೋದದ್ದಾದ್ರೆ, ತೊಳೆದ ಮೇಲೆ ಆಯಿಲ್ ತಿಳಿಯಾಗೇ ಉಳಿಯುತ್ತೆ. ಮತ್ತೆ ಮಬ್ಬಾದ್ರೆ ಎಲ್ಲೋ ದಾರಿ ತೆರೆದೇ ಇದೆ. ಅವನದು ಮತ್ತೆ ಮಬ್ಬಾಗಿತ್ತು. ಆ ದಿನಗಳಲ್ಲಿ ಮಳೆ ಬಂದಿತ್ತು, ಆದ್ರೆ ಅವನು ನಿಂತ ನೀರಿಗೆ ಇಳಿದಿರಲಿಲ್ಲ. ಹಾಗಾದ್ರೆ ಉಸಿರಾಟದ ತೂತಲ್ಲ, ಸೀಲ್. ಚಕ್ರ ಬಿಚ್ಚಿ ನೋಡಿದ್ರೆ ಸೀಲಿನ ತುಟಿ ಸವೆದು, ಬ್ರೇಕ್ ಡ್ರಮ್ ಕಡೆ ಆಯಿಲ್ ಒಸರಿತ್ತು. ಸೀಲ್ ಹಾಕಿ, ಬ್ರೇಕ್ ಶೂ ಬದಲಾಯಿಸಿದ್ವಿ. ಆಮೇಲೆ ತೆಗೆದ ಆಯಿಲ್ ಜೇನಿನ ಹಾಗಿತ್ತು.

ದೋಣಿಯವರು ಇದಕ್ಕೆ ಕಾಯಲ್ಲ. ಆಯಿಲ್ ಖಾಲಿ ಮಾಡಿ, ಡ್ರೈನ್ ತೂತಿಗೆ ಕೈಪಂಪ್ ಹಚ್ಚಿ ಸ್ವಲ್ಪ ಗಾಳಿ ತುಂಬಿ, ಮುಳ್ಳು ಇಳಿಯುತ್ತಾ ಅಂತ ನೋಡ್ತಾರೆ. ಇಳಿದ್ರೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತೆ ಅಂತ ಹುಡುಕ್ತಾರೆ. ನಮ್ಮ ಪಂಕ್ಚರ್ ಅಂಗಡಿ ವಿದ್ಯೆಯೇ.

ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋದು ಯಾಕೆ? ನೀರು ಸೇರಿದ ಆಯಿಲ್ ಹಲ್ಲುಗಳ ಮಧ್ಯೆ ಗಟ್ಟಿ ಪದರವಾಗಿ ನಿಲ್ಲಲ್ಲ. ಬೇರಿಂಗ್‌ಗಳಿಗೆ ತುಕ್ಕು ಹಿಡಿಯುತ್ತೆ. ಒಂದು ದಿನ ಬೇರಿಂಗ್ ಒಡೆದು ಹಿಂದಿನ ಚಕ್ರ ಓಡ್ತಾ ಇರುವಾಗಲೇ ಲಾಕ್ ಆಗಬಹುದು. ಸೀಲ್ ಹೋಗಿದ್ರೆ ಬ್ರೇಕಿಗೆ ಆಯಿಲ್ ತಾಗುತ್ತೆ. ರಿಂಗ್ ರೋಡಲ್ಲಿ ಹಿಂದೆ ಬಸ್ ಬರ್ತಿರುವಾಗ ಈ ಎರಡರಲ್ಲಿ ಯಾವುದೂ ಬೇಡ.

ಬೇರೆ ಗಾಡಿಗಳ ಬಗ್ಗೆ ಎರಡು ಮಾತು. ಗೇರ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್‌ಗೂ ಗೇರ್‌ಗೂ ಒಂದೇ ಆಯಿಲ್. ಕೂಲಂಟ್ ಇರೋ ಬೈಕ್ ಆದ್ರೆ, ಮಳೆ ಇಲ್ದೇ ಆಯಿಲ್ ಬೆಳ್ಳಗಾದ್ರೆ ಕೂಲಂಟ್ ಮಟ್ಟ ಇಳಿದಿದೆಯಾ ನೋಡಿ. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬೆಳ್ಳನೆ ನೊರೆ ಇದ್ರೆ, ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸೋರಿಗೆ ಅದು ಬಹುಮಟ್ಟಿಗೆ ತೇವದ ಬೆವರು. ಎಲೆಕ್ಟ್ರಿಕ್ ಸ್ಕೂಟರ್ ಮುಳುಗಿದ್ರೆ ಮನೆಯಲ್ಲಿ ಏನೂ ಬಿಚ್ಚಬೇಡಿ, ಚಾರ್ಜ್‌ಗೂ ಹಾಕಬೇಡಿ, ಸರ್ವೀಸ್ ಸೆಂಟರ್‌ಗೆ ಹೇಳಿ.

ಸೈಲೆನ್ಸರ್, ಏರ್ ಫಿಲ್ಟರ್ ಮುಳುಗೋಷ್ಟು ನೀರಲ್ಲಿ ನಿಂತಿದ್ರೆ ಸ್ಟಾರ್ಟ್ ಮಾಡಲೇಬೇಡಿ. ನೀರನ್ನ ಪಿಸ್ಟನ್ ಒತ್ತಿ ಕುಗ್ಗಿಸೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದ್ರೆ ಪ್ರವಾಹದ ನಷ್ಟಕ್ಕೆ ದುಡ್ಡು ಬರಲ್ಲ. ಪೂರ್ತಿ ಇನ್ಶೂರೆನ್ಸ್ ಇದ್ರೂ, ನೀವೇ ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದ್ರೆ ಕ್ಲೇಮ್ ತಳ್ಳಿಹಾಕೋದುಂಟು. ಮೊದಲು ಫೋಟೋ ತೆಗೀರಿ, ಆಮೇಲೆ ಟೋಯಿಂಗ್.

ಎಲ್ಲಕ್ಕಿಂತ ಮುಖ್ಯ, ಗಾಡಿಗೋಸ್ಕರ ನೀರಿಗೆ ಇಳಿಯಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡ್ರು. 2025ರ ಮೇ ಮಳೆಯಲ್ಲಿ ನಮ್ಮ ಪಕ್ಕದ ಬಿಟಿಎಂ ಲೇಔಟ್‌ನಲ್ಲಿ, ಅಪಾರ್ಟ್‌ಮೆಂಟ್‌ಗೆ ನುಗ್ಗಿದ ನೀರನ್ನ ಪಂಪ್ ಮಾಡಿ ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಹೋದ್ರು. ಬೇಸ್‌ಮೆಂಟ್‌ನಲ್ಲಿ ನೀರಿದ್ರೆ ಮೇನ್ ಸ್ವಿಚ್ ಆಫ್ ಆಗಿದೆ ಅಂತ ಖಚಿತ ಆಗೋವರೆಗೂ ಸ್ಕೂಟರ್ ಅಲ್ಲೇ ಇರಲಿ. ಗೇರ್‌ಬಾಕ್ಸ್ ಬೇರೆ ಸಿಗುತ್ತೆ.

ಇನ್ನೊಂದು ಕೇಳಿಕೊಳ್ತೀನಿ. ತೆಗೆದ ಆಯಿಲನ್ನ ಮೋರಿಗೆ ಚೆಲ್ಲಬೇಡಿ. ಮೋರಿ ರಾಜಕಾಲುವೆಗೆ, ರಾಜಕಾಲುವೆ ಯಾವುದೋ ಕೆರೆಗೆ ಹೋಗುತ್ತೆ. ಬಾಟಲಿಗೆ ತುಂಬಿ, ಹಳೇ ಆಯಿಲ್ ಕೂಡಿಡೋ ಗ್ಯಾರೇಜಿಗೆ ಕೊಡಿ.

ಈ ವಾರ ಮಳೆಯಲ್ಲಿ ಗಾಡಿ ನೆನೆದಿದ್ರೆ, ಇವತ್ತು ರಾತ್ರಿ ಸೆಂಟರ್ ಸ್ಟ್ಯಾಂಡ್ ಹಾಕಿ ಮಲಗಿ. ನಾಳೆ ಬೆಳಗ್ಗೆ ಆ ಮೊದಲ ನಾಲ್ಕು ಹನಿ ನೋಡಿ.