ಉಚಿತ ಲಸಿಕೆಗೂ ಖರ್ಚಿದೆ

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ನಿಧಿ ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬಿ.ಕಾಂ. ಓದಿ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನು. ನಿವೃತ್ತಿಯ ನಂತರ ವೈದ್ಯಕೀಯ ನೆರವಿನ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ಸಂಘ ನನಗೆ ವಹಿಸಿದೆ. ಇಂದು ನಾನು ಹೇಳಬೇಕೆಂದಿರುವುದೂ ಒಂದು ಅರ್ಜಿಯ ವಿಷಯವೇ.

ಕಲಬುರಗಿ ಜಿಲ್ಲೆಯಿಂದ ಮುಂಬಯಿಗೆ ಕಟ್ಟಡ ಕೆಲಸಕ್ಕೆ ಬಂದ ದಂಪತಿಯ ಅರ್ಜಿ ಅದು. ಒಂದೂವರೆ ವರ್ಷದ ಮಗುವಿಗೆ ದಡಾರ ಬಂದು, ನ್ಯುಮೋನಿಯಾಕ್ಕೆ ತಿರುಗಿ, ಎಂಟು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ನಾವು ಹಣ ಮಂಜೂರು ಮಾಡಿದೆವು. ದೇವರ ದಯೆಯಿಂದ ಮಗು ಉಳಿಯಿತು. ಕಾಗದಪತ್ರಗಳ ನಡುವೆ ಊರಿನಲ್ಲಿ ಕೊಟ್ಟಿದ್ದ ತಾಯಿ ಕಾರ್ಡೂ ಇತ್ತು. ಹುಟ್ಟಿದಾಗಿನ ಲಸಿಕೆ, ಆರು ವಾರದ ಲಸಿಕೆ ಬರೆದಿದ್ದವು. ಅಲ್ಲಿಂದ ಮುಂದಿನ ಸಾಲುಗಳೆಲ್ಲ ಖಾಲಿ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ ಸರಕಾರಿ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ.

"ಯಾಕಮ್ಮಾ ಹಾಕಿಸಲಿಲ್ಲ?" ಎಂದು ಆ ತಾಯಿಯನ್ನು ಸ್ವಲ್ಪ ಗದರಿಸಿಯೇ ಕೇಳಿದೆ. ಆಕೆ ಹೇಳಿದ್ದು ಇಷ್ಟು: "ಸೂಜಿ ಹಾಕ್ಸಿದ್ರ ಕೂಸಿಗಿ ಜ್ವರ ಬರ್ತಾವ್ರಿ ಸರ್. ಮರುದಿನ ಕೆಲ್ಸಕ್ಕ ಹೋಗ್ಲಿಲ್ಲಂದ್ರ ಮುಕಾದಮ ಬ್ಯಾರೇವ್ರನ್ನ ಕರೀತಾನ್ರಿ. ಇಲ್ಲಿ ಎಲ್ಲಿಗಿ ಹೋಗ್ಬೇಕು ಅಂತ ಯಾರ್ನ ಕೇಳ್ಲಿ? ನಂಗ ಮರಾಠಿ ಬರಂಗಿಲ್ರಿ."

ಗದರಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಬಡವರು ಲಸಿಕೆ ಹಾಕಿಸದಿದ್ದರೆ ಅದು ಅಜ್ಞಾನ, ಮೂಢನಂಬಿಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ದಡಾರ ಬಂದರೆ 'ಅಮ್ಮ ಬಂದಿದ್ದಾಳೆ' ಎಂದು ಮನೆಯಲ್ಲೇ ಇಟ್ಟುಕೊಳ್ಳುವವರು ಇದ್ದಾರೆ. ವಾಟ್ಸಾಪ್ ವದಂತಿಗಳೂ ಇವೆ. 2017ರಲ್ಲಿ ಕರ್ನಾಟಕದ ದಡಾರ-ರುಬೆಲ್ಲಾ ಅಭಿಯಾನಕ್ಕೂ ಅವು ಅಡ್ಡಬಂದವು. ಆದರೆ ಈ ತಾಯಿಗೆ ಲಸಿಕೆಯ ಮೇಲೆ ಅಪನಂಬಿಕೆ ಇರಲಿಲ್ಲ. ಇದ್ದಿದ್ದರೆ ಮೊದಲ ಎರಡು ಸಲವೂ ಹಾಕಿಸುತ್ತಿರಲಿಲ್ಲ.

ಬ್ಯಾಂಕಿನವನಾದ್ದರಿಂದ ಅಂಕಿಅಂಶ ನೋಡಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಬಿಸಿಜಿ ಹಾಕಿಸಿಕೊಂಡವರು ನೂರಕ್ಕೆ ಸುಮಾರು 95. ದಡಾರದ ಮೊದಲ ಡೋಸ್ ಪಡೆದವರು ಸುಮಾರು 88. ಎರಡನೇ ಡೋಸಿನ ಲೆಕ್ಕ 24ರಿಂದ 35 ತಿಂಗಳ ಮಕ್ಕಳದು. ಅಲ್ಲಿ ಅದು ಸುಮಾರು 59ಕ್ಕೆ ಇಳಿಯುತ್ತದೆ. ಅಂದರೆ ಖಾತೆ ತೆರೆಯದವರು ಕಡಿಮೆ, ನಡುವೆ ಕಂತು ತಪ್ಪಿದವರೇ ಹೆಚ್ಚು. ಕಂತು ತಪ್ಪಿದ ಗ್ರಾಹಕನ ಮನೆಗೆ ಹೋಗಿ ವಿಚಾರಿಸಿದರೆ ಕಾರಣ ಸಿಗುತ್ತದೆ, ಮೋಸ ಸಿಗುವುದು ಅಪರೂಪ. ಇದು ನನ್ನ ವೃತ್ತಿಯ ಅನುಭವ.

ಇಲ್ಲಿಯ ಕಾರಣಗಳೂ ಅಂಥವೇ. ಲಸಿಕೆ ಹಾಕುವ ದಿನ ಕೆಲಸದ ದಿನವಾಗಿರುತ್ತದೆ. ಕೂಲಿ ಹೋಗುತ್ತದೆ, ರಿಕ್ಷಾ ಬಾಡಿಗೆ ಬೇರೆ. ಒಂದು ಸೈಟಿನ ಕೆಲಸ ಮುಗಿದರೆ ಕುಟುಂಬ ಇನ್ನೊಂದು ಕಡೆ ಹೋಗುತ್ತದೆ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆ ಮಗುವಿನ ಹೆಸರು ಹಿಂದಿನ ವಿಳಾಸದಲ್ಲೇ ಉಳಿಯುತ್ತದೆ. ಕಾರ್ಡು ಊರಲ್ಲಿ ಬಿಟ್ಟು ಬಂದವರು ಬೈಸಿಕೊಳ್ಳಬೇಕಾದೀತೆಂದು ಕೇಂದ್ರಕ್ಕೆ ಹೋಗುವುದೇ ಇಲ್ಲ. ಇನ್ನು ಜ್ವರ. ಪೆಂಟಾವೇಲೆಂಟ್ ಲಸಿಕೆಯ ನಂತರ ಒಂದೆರಡು ದಿನ ಜ್ವರ ಬರುವುದು ಸಾಮಾನ್ಯ. ಅದನ್ನು ಮೊದಲೇ, ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳದಿದ್ದರೆ ಆಕೆ ಮುಂದಿನ ಸಲ ಬರುವುದಿಲ್ಲ.

ದಡಾರ ಬಹಳ ಬೇಗ ಹರಡುವ ರೋಗ. ನೂರಕ್ಕೆ 95 ಮಕ್ಕಳಿಗೆ ಎರಡು ಡೋಸ್ ಆದರೆ ಮಾತ್ರ ಅದು ಹಿಡಿತಕ್ಕೆ ಬರುತ್ತದೆ. 2022ರ ಕೊನೆಯಲ್ಲಿ ಗೋವಂಡಿಯಲ್ಲಿ ಏನಾಯಿತೆಂದು ನಿಮಗೆಲ್ಲ ನೆನಪಿದೆ. ಕೋವಿಡ್ ಕಾಲದಲ್ಲಿ ಲಸಿಕೆ ತಪ್ಪಿದ್ದ ಮಕ್ಕಳು, ಇಕ್ಕಟ್ಟಾದ ಮನೆಗಳು, ಅಪೌಷ್ಟಿಕತೆ. ಪುಟ್ಟ ಮಕ್ಕಳು ತೀರಿಕೊಂಡರು. ಆಗ ಪಾಲಿಕೆ ಹೆಚ್ಚುವರಿ ಡೋಸ್ ಹಾಕಿತು. ಆದರೆ ಕಾಯಿಲೆ ಬಂದ ಮೇಲೆ ಓಡುವುದಕ್ಕಿಂತ ಮೊದಲೇ ಹೋಗುವುದು ಮೇಲು.

ಪೋಲಿಯೋ ವಿಷಯದಲ್ಲಿ ನಾವು ಹಾಗೆ ಮಾಡಿದ್ದೇವೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಗುಡಿಸಲು ಬಿಡದೆ ಹನಿ ಹಾಕಿದೆವು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಪ್ರಕರಣವಿಲ್ಲ. ಅಂದು ಲಸಿಕೆಯೇ ಮಗುವಿನ ಬಳಿಗೆ ಹೋಗಿತ್ತು.

ನಮ್ಮ ಸಂಘ ಲಸಿಕೆ ಕೊಳ್ಳಬೇಕಿಲ್ಲ. ಅದನ್ನು ಸರಕಾರ ಕೊಡುತ್ತದೆ. ಕೇಂದ್ರದವರೆಗಿನ ದಾರಿಯ ಖರ್ಚನ್ನು ನಾವು ವಹಿಸಿಕೊಳ್ಳಬಹುದು. ನನ್ನ ಸೂಚನೆಗಳು ಮೂರು. ಒಂದು, ನಿಧಿಯ ಹತ್ತನೇ ಒಂದು ಪಾಲನ್ನು ತಾಯಂದಿರ ಪ್ರಯಾಣಕ್ಕೆ ಮತ್ತು ಕಳೆದುಹೋದ ಕೂಲಿಗೆ ಮೀಸಲಿಡೋಣ. ಎರಡು, ಕನ್ನಡ, ಮರಾಠಿ ಎರಡೂ ಬಲ್ಲ ಸದಸ್ಯರು ತಿಂಗಳಿಗೊಂದು ಬೆಳಿಗ್ಗೆ ಕೊಡಲಿ. ಸೈಟಿನಿಂದ ಕೇಂದ್ರಕ್ಕೆ ಜೊತೆಗೆ ಹೋಗಿ ನಾಲ್ಕು ಮಾತು ತಿಳಿಸಲಿ: ಯಾವ ಲಸಿಕೆ ಹಾಕಿದರು, ಏನಾಗಬಹುದು, ಮತ್ತೆ ಯಾವಾಗ ಬರಬೇಕು, ಕಾರ್ಡು ಜೋಪಾನ. ಮೂರು, ನಮ್ಮಲ್ಲಿ ಬಿಲ್ಡರುಗಳಿದ್ದಾರೆ, ಗುತ್ತಿಗೆದಾರರಿದ್ದಾರೆ. ಲಸಿಕೆಯ ದಿನ ತಾಯಿಯ ಹಾಜರಿ ಕಡಿಯದಂತೆ ಅವರು ಮುಕಾದಮರಿಗೆ ಒಂದು ಮಾತು ಹೇಳಲಿ. ಅದಕ್ಕೆ ರಸೀದಿ ಕೊಡಲಾಗದು, ಆದರೆ ನಾನು ಅದನ್ನು ದೊಡ್ಡ ದಾನವೆಂದೇ ಬರೆದುಕೊಳ್ಳುತ್ತೇನೆ.

ತಡವಾಗಿದೆ ಎಂದು ಯಾರೂ ಕೈಬಿಡಬೇಕಿಲ್ಲ. ತಪ್ಪಿದ ಡೋಸಿಗಾಗಿ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ ಕೊಡುತ್ತಾರೆ. ನಾನು ಹೇಳಿದ ಆ ಮಗು ಗುಣವಾದ ಮೇಲೆ ಅದರ ತಾಯಿಯ ಜೊತೆ ಕೇಂದ್ರಕ್ಕೆ ನಾನೇ ಹೋಗಿದ್ದೆ. ಒಂದು ಗಂಟೆಯ ಕೆಲಸ, ರಿಕ್ಷಾಕ್ಕೆ ಅರವತ್ತು ರೂಪಾಯಿ. ಖಾಲಿ ಸಾಲಿನಲ್ಲಿ ನರ್ಸಮ್ಮ ತಾರೀಕು ಬರೆದಳು.

ಆಸ್ಪತ್ರೆಯ ಬಿಲ್ಲುಗಳಿಗೆ ನೀವು ಇದುವರೆಗೂ ಉದಾರವಾಗಿ ಕೊಟ್ಟಿದ್ದೀರಿ, ಮುಂದೆಯೂ ಕೊಡಬೇಕು. ಅದರ ಜೊತೆಗೆ ಈ ಅರವತ್ತು ರೂಪಾಯಿಗೂ, ಈ ಒಂದು ಗಂಟೆಗೂ ಹೆಸರು ಬರೆಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನೋಂದಣಿ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.