ಬಡಾವಣೆಯ ಆಟದ ಬಯಲು



ಊರು ಬೆಳೆಯುವಾಗ ಮೊದಲು ಮಾಯವಾಗುವುದು ಬಯಲು. ಮನೆಗೆ ಒಡೆಯನುಂಟು, ಅಂಗಡಿಗೆ ಒಡೆಯನುಂಟು. ಹುಡುಗರು ಚೆಂಡಾಡುವ ನೆಲಕ್ಕೆ ಒಡೆಯರಾರು? ಬೆಂಗಳೂರಿನ ಒಂದು ನಿವೇಶನದ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುವುದು.

ಸ್ಯಾಂಕಿ ಕೆರೆಯು 1882ರಲ್ಲಿ ನಿರ್ಮಿತವಾದದ್ದು. ಅದರ ಸಮೀಪದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ, 1945ರ ಬೆಂಗಳೂರು ನಗರಾಭಿವೃದ್ಧಿ ಕಾನೂನಿನ ಮೇರೆಗೆ ಆದ ಯೋಜನೆಯಂತೆ, ಒಂದು ಸ್ಥಳವನ್ನು ಬಯಲಾಗಿಯೇ ಬಿಡಲಾಗಿತ್ತು. ಉದ್ಯಾನಕ್ಕಾಗಲಿ ಆಟಕ್ಕಾಗಲಿ ಅಲ್ಲಿ ಉಳಿದಿದ್ದ ಜಾಗ ಅದೊಂದೇ. 1976ರಲ್ಲಿ ಸರ್ಕಾರದ ಅಪ್ಪಣೆಯನ್ನನುಸರಿಸಿ ಅಭಿವೃದ್ಧಿ ಪ್ರಾಧಿಕಾರವು ಅದನ್ನು ಆಸ್ಪತ್ರೆ ಕಟ್ಟಲೆಂದು ಒಂದು ವೈದ್ಯಕೀಯ ಸಂಸ್ಥೆಗೆ ಕೊಟ್ಟಿತು.

ಆಸ್ಪತ್ರೆಯೂ ಲೋಕೋಪಕಾರಿಯಲ್ಲವೆ ಎಂದು ನೀವು ಕೇಳಬಹುದು. ವಾದದ ಗಂಟು ಇದ್ದದ್ದೇ ಅಲ್ಲಿ. ನಿವಾಸಿಗಳು ಉಚ್ಚ ನ್ಯಾಯಾಲಯದ ಬಾಗಿಲಿಗೆ ಹೋದರು. ಏಕಸದಸ್ಯ ಪೀಠವು ಅವರ ಅರ್ಜಿಯನ್ನು ತಳ್ಳಿಹಾಕಿತು. ವಿಭಾಗೀಯ ಪೀಠವು ಅದನ್ನು ಮನ್ನಿಸಿತು. ಕಡೆಗೆ 1991ರ ಜುಲೈ 19ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಟಿ. ಕೆ. ತೊಮ್ಮೆನ್, ಆರ್. ಎಂ. ಸಹಾಯ್ ಅವರು ನಿವಾಸಿಗಳ ಪರವಾಗಿಯೇ ತೀರ್ಪಿತ್ತರು. ಆಸ್ಪತ್ರೆಯು ಬೇಕಾದದ್ದೇ ಆದರೂ, ಎಲ್ಲರ ಬಯಲಿಗೆ ಖಾಸಗಿ ಶುಶ್ರೂಷಾಲಯವು ಬದಲಿಯಾಗಲಾರದು. ಅಧಿಕಾರದಲ್ಲಿರುವವರ ವಿವೇಚನೆಯೂ ಕಾನೂನಿನ ಎಲ್ಲೆಯೊಳಗೇ ಇರತಕ್ಕದ್ದು. ಬಯಲನ್ನು ಕಳೆದುಕೊಳ್ಳುವ ನೆರೆಹೊರೆಯವರಿಗೆ ಪ್ರಶ್ನಿಸುವ ಹಕ್ಕುಂಟು. ಇದು ಆ ತೀರ್ಪಿನ ಸಾರಾಂಶ. ಒಡೆಯರಾರೆಂಬ ಪ್ರಶ್ನೆಗೆ ದೊರೆತ ಉತ್ತರವೂ ಇದೇ.

ಆದರೆ ಸ್ಥಳವನ್ನು ಕೊಟ್ಟಂದಿನಿಂದ ಈ ಜಯದವರೆಗೆ 15 ವರ್ಷಗಳು ಕಳೆದವು. ಸ್ಥಳವನ್ನು ಕೊಟ್ಟಾಗ ಆರು ವರ್ಷದವನಾಗಿದ್ದ ಬಾಲಕನು ತೀರ್ಪಿನ ದಿವಸಕ್ಕೆ ಮೀಸೆ ಮೂಡಿದ ತರುಣನಾಗಿರುವನು. ಕಳೆದ ಬಾಲ್ಯವನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು.

ಈ ವೃತ್ತಾಂತದಿಂದ ನಮ್ಮ ಸೀಮೆಗೇನು ಪ್ರಯೋಜನ? ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಹೆದ್ದಾರಿಯಲ್ಲಿರುವ ಮಾಚೇನಹಳ್ಳಿಯು ಇಂದು ಕೈಗಾರಿಕೆಯ ನೆಲೆಯಾಗಿದೆ. ಕೆಲಸವಿದ್ದಲ್ಲಿ ಮನೆಗಳೂ, ಮನೆಗಳಿದ್ದಲ್ಲಿ ಮಕ್ಕಳೂ ಬರುವುದು ಸಹಜ. 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲನೆಯ ಟೆಸ್ಟ್ ಪಂದ್ಯದಲ್ಲಿಯೇ 137 ಓಟಗಳನ್ನು ಗಳಿಸಿದರು. ಅಂಥ ಕೈಚಳಕವು ಜಗಲಿಯ ಮೇಲೆ ಕುಳಿತು ಬರತಕ್ಕದ್ದಲ್ಲ.

ಉದ್ಯಾನ, ಆಟದ ಮೈದಾನ ಮತ್ತು ಬಯಲುಗಳ ರಕ್ಷಣೆಗೆಂದೇ 1985ರ ಕರ್ನಾಟಕದ ಕಾನೂನೊಂದಿದೆ. ಆದರೆ ಕಾನೂನು ತಾನಾಗಿ ಬಂದು ಬಯಲನ್ನು ಕಾಯುವುದಿಲ್ಲ. ಬಡಾವಣೆಯ ಮಂಜೂರಾದ ನಕ್ಷೆಯನ್ನು ಕೇಳಿ ನೋಡಿರಿ. ಮಕ್ಕಳಿಗೆಂದು ಗುರುತಿಸಿದ ಜಾಗವಾವುದೆಂದು ತಿಳಿದಿರಿ. ಬೇಲಿ ಬಿದ್ದ ಮೇಲೆ ಹದಿನೈದು ವರ್ಷ ಹೋರಾಡುವುದಕ್ಕಿಂತ, ಬೇಲಿ ಬೀಳುವ ಮುನ್ನ ಹದಿನೈದು ನಿಮಿಷ ನಕ್ಷೆಯನ್ನು ನೋಡುವುದು ಲೇಸು.